ಮರುಳಸಿದ್ದಯ್ಯನವರ ಐದು ಸಸಿ

ನಮ್ಮ ಬಿಳಿಗೆರೆಯ ಮರುಳಸಿದ್ದಯ್ಯನವರು ಗೇಣು ನೆಲ ಖಾಲಿ ಕಂಡರೂ ತೆಂಗು ನೆಡುವವರು. ಬಿಟ್ಟರೆ ಕ್ರಿಕೆಟ್ ಪಿಚ್ಚನ್ನೂ ಬಿಡರು. ತೆಂಗಿನ ಮರ ಕಡಿದವರ ಮನೆಯಲ್ಲಿ ನೀರು ಸಹ ಕುಡಿಯರು. ಆಟದ ಮೈದಾನದ ಅಂಚಿನಲ್ಲಿ ಊರಿನ ಓದಿದ ಹುಡುಗರಾದ ನಾವು, ಹಕ್ಕಿಗಳಿಗೆ ನೆಲೆಯಾಗಲೆಂದು, ಹಿಂದಿನಂತೆ ಕರಡವೆಂಬ ಕಾಡುಹುಲ್ಲು, ಕಮರವೆಂಬ ಕಾಡುಮರ ಬೆಳೆಸಲು ಹೊರಟರೆ, "ಹುಲ್ಲು ಬೆಳ್ಸಾಕೆ ಡಿಗ್ರಿ ಬೇಕಾಗಿತ್ತೇನಪ್ಪ?" ಎಂದು ನಕ್ಕು, ಅದರ ನಡುವೆಯೇ ಐದು ತೆಂಗಿನ ಸಸಿ ನೆಟ್ಟರು. ನಾವು ಅವನ್ನು ಕೀಳಲು ಹೋದಾಗ, "ತೆಂಗು ಅಂದ್ರೆ ಮಗ ಕಣ್ಲಾ, ಮುಟ್ಟಬ್ಯಾಡ" ಎಂದು ಅಡ್ಡ ನಿಂತರು. ದಿನವೂ ಕೊಡಗಟ್ಟಲೆ ನೀರು ಹೊತ್ತು ಹೊಯ್ದರು. ನಿನ್ನೆ ಬೆಳಿಗ್ಗೆ ನಾನು ಅಲ್ಲಿಗೆ ಹೋದೆ. ಐದೂ ಸಸಿಗಳನ್ನು ಅವರೇ ಕಿತ್ತು ಮಲಗಿಸಿದ್ದರು. ಪಾತಿ ತುಂಬಿ ಹರಿದ ನೀರಿಗೆ ಪಕ್ಕದ ಹುಲ್ಲಿನೊಳಗೆ ನೆಲದಲ್ಲಿದ್ದ ಹಕ್ಕಿಗೂಡು ಮುಳುಗಿತ್ತು; ಅವರ ಅಂಗೈಯಲ್ಲಿ ಎರಡು ಸತ್ತ ಹಕ್ಕಿಮರಿಗಳಿದ್ದವು. "ನನ್ ಮಕ್ಕಳಿಗೆ ನೀರು ಹುಯ್ಯಾಕೋಗಿ ಇದರ ಮಕ್ಕಳ್ನ ಕೊಂದ್ಬುಟ್ಟೆ ಕಣಪ್ಪ" ಎಂದರು.