ಅಪ್ಪನ ಎದೆಯ ದೂಳು

ನಮ್ಮ ಕಡೆ ಗಣಿಯಲ್ಲಿ ದುಡಿದವನಿಗೆ ಉಸಿರು ಕಟ್ಟಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ದೂಳು ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅಪ್ಪ ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ಇಳಿದವನು. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೇ ಬಂಗಾರಪೇಟೆಗೆ ಬಂದು ನೆಲೆಸಿದೆವು. ನಾನು ಬಟ್ಟೆ ಹೊಲಿಯುತ್ತಿದ್ದೆ. ಅಪ್ಪ ಭಾನುವಾರ ರೈಲು ಹತ್ತಿ ಗಣಿಯ ಪಕ್ಕದ ಮಾರಿಕುಪ್ಪಂಗೆ ಹೋಗಿ ಹಳೆಯ ಜೊತೆಗಾರರೊಂದಿಗೆ ಕೂತು ಬರುತ್ತಿದ್ದ. ಆ ಗುಂಪಿನಲ್ಲಿ ಮೂವರು ಆಗಲೇ ದೂಳಿನಿಂದ ತೀರಿಕೊಂಡಿದ್ದರು. ಹಾಗಾಗಿ ಅಪ್ಪನಿಗೂ ಏದುಸಿರು ಶುರುವಾದಾಗ ನನಗೆ ದುಃಖವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ.

ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ಅಪ್ಪ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. "ಒಳಗೇನೈತೆ ಅಂತ ನಂಗೊತ್ತಿಲ್ವಾ? ನಾನೇ ನುಂಗಿದ್ದು," ಎಂದ.

ನಾನೂ ಒತ್ತಾಯಿಸಲಿಲ್ಲ. ದೂಳಿಗೆ ಮದ್ದಿಲ್ಲವೆಂದು ನಮ್ಮ ಮನೆಯ ಗೋಡೆಗೂ ಗೊತ್ತಿತ್ತು. ಗಣಿಯವರ ಮನೆಗಳಲ್ಲಿ ಮಾಡುವುದನ್ನೇ ಮಾಡಿದೆ. ರಾಬರ್ಟ್‌ಸನ್‌ಪೇಟೆಯಿಂದ ಮೇಕೆ ಕಾಲು ತಂದು, ಮೆಣಸು ಕುಟ್ಟಿ, ಉಪ್ಪು ತುಸು ಹೆಚ್ಚೇ ಹಾಕಿ ಸೂಪು ಕಾಯಿಸಿ, ಬೇಡವೆಂದರೂ ಬಿಡದೆ ಕುಡಿಸಿದೆ. ಅಪ್ಪನ ಪಾದಗಳು ಊದಿಕೊಂಡವು. ಇನ್ನೂ ಶಕ್ತಿ ಬಂದಿಲ್ಲವೆಂದು ಇನ್ನಷ್ಟು ಕುಡಿಸಿದೆ.

ಎರಡನೇ ವರ್ಷ ಮಾತು ತೊದಲತೊಡಗಿತು. ಒಂದು ಭಾನುವಾರ ರೈಲಿಳಿದು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, "ಕುಡ್ದು ಬಂದಿದ್ದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಜನ್ಮದಲ್ಲಿ ಕುಡಿದವನಲ್ಲ ಅವನು. ನಾಲಿಗೆ ಚಾಚಿ ತೋರಿಸಿದ. ಅದು ದಪ್ಪಗೆ ಊದಿತ್ತು, ಅಂಚಿನಲ್ಲೆಲ್ಲ ಹಲ್ಲಿನ ಗುರುತು. ನಾಚಿಕೆಯಿಂದ ನನಗೆ ಭೂಮಿಗಿಳಿದುಹೋದಂತಾಯಿತು. ದೂಳಿಗೆ ನಾಲಿಗೆ ಊದಿದ್ದನ್ನು ನಾನೆಲ್ಲೂ ಕಂಡಿರಲಿಲ್ಲ. ಮರುದಿನವೇ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಹೊಟ್ಟೆಯ ಕೊಬ್ಬಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಕಾಯಿಲೆಯ ಹೆಸರು ಅಮೈಲಾಯ್ಡೋಸಿಸ್. ರಕ್ತದಲ್ಲಿನ ಒಂದು ಪ್ರೋಟೀನು ಹದಗೆಟ್ಟು, ಕರಗದೆ, ಅಂಗಾಂಗಗಳಲ್ಲಿ ಕೂತುಬಿಡುತ್ತದಂತೆ. ಅಪ್ಪನ ಗುಂಡಿಗೆಯ ಗೋಡೆ ದಪ್ಪವಾಗಿ ಗಡುಸಾಗಿತ್ತು. ಮೂತ್ರಪಿಂಡಗಳು ಮೈಯ ಸತ್ವವನ್ನೆಲ್ಲ ಮೂತ್ರಕ್ಕೆ ಸೋರಿಸಿಬಿಡುತ್ತಿದ್ದವು. ನಾಲಿಗೆಯನ್ನು ಊದಿಸಿದ್ದೂ ಅದೇ. ಉಪ್ಪು ಮುಟ್ಟಲೇಬಾರದು ಎಂದರು. ನಾನು ತಲೆ ಎತ್ತಲಿಲ್ಲ.

"ಮತ್ತೆ ದೂಳು?" ಎಂದ ಅಪ್ಪ.

"ನಿಮ್ಮ ಶ್ವಾಸಕೋಶದಲ್ಲಿ ದೂಳಿನ ಕಾಯಿಲೆ ಇಲ್ಲ ಯಜಮಾನ್ರೇ," ಎಂದರು ಅಲ್ಲಿನ ಡಾಕ್ಟರು. ಆಮೇಲೆ ನನ್ನನ್ನು ಹೊರಗೆ ಕರೆದು, ಮೊದಲೇ ಬಂದಿದ್ದರೆ ಔಷಧಿ ಕೊಟ್ಟು ತಡೆಯಬಹುದಿತ್ತು, ಈಗ ಈ ಗುಂಡಿಗೆ ಅದನ್ನು ತಾಳುವುದಿಲ್ಲ ಎಂದರು.

ರೈಲಿನಲ್ಲೇ ವಾಪಸು ಹೊರಟೆವು. ನಮ್ಮೂರು ಹತ್ತಿರವಾದಾಗ ಅಪ್ಪ ನನ್ನ ಕಡೆ ತಿರುಗಿದ. "ಅಮ್ಮಿ, ಮಾರಿಕುಪ್ಪಂನೋರ್ಗೆ ಈ ಎಸ್ರು ಯೋಳ್ಬ್ಯಾಡ. ದೂಳು ಅಂತಾನೇ ಇರ್ಲಿ. ನಮ್ಮೋರೆಲ್ಲ ಅದ್ರಾಗೇ ಓದ್ರು. ನಾನೊಬ್ನೇ ಯಾಕೆ ಬ್ಯಾರೆಯಾಗ್ಲಿ?"

ನನಗೆ ಸಿಟ್ಟು ಬಂತು. ಸಾಯುವಾಗಲೂ ಇವನಿಗೆ ಜೊತೆಗಾರರದೇ ಚಿಂತೆ, ನನ್ನದಲ್ಲ. ಆದರೂ ಹೂಂ ಎಂದೆ.

ನಾಲ್ಕು ತಿಂಗಳಿಗೆ ಹೋದ. ಮೂರನೇ ದಿನ ಹಾಲುತುಪ್ಪ ಬಿಡಲು ಮಾರಿಕುಪ್ಪಂನಿಂದ ಉಳಿದ ಜೊತೆಗಾರರು ಬಂದರು. ಅವರಲ್ಲಿ ಹಿರಿಯರೊಬ್ಬರು ಹತ್ತಿರ ಬಂದು, "ದೂಳೇ ಅಲ್ವೇನಮ್ಮ?" ಎಂದರು.

"ಹೂಂ ಮಾವ, ದೂಳೇ."

ಅವರು ತಲೆಯಾಡಿಸಿ, "ನಮ್ಮೋನು," ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು.

ಅಪ್ಪನಿಗೋಸ್ಕರ ಹೇಳಿದ ಆ ಸುಳ್ಳಿಗೆ ನನಗೆ ಬೇಸರವಿಲ್ಲ. ಎರಡು ವರ್ಷ, ಒಂದು ಎಕ್ಸ್‌ರೇಯನ್ನೂ ತೆಗೆಸದೆ, ಅದನ್ನೇ ನಿಜವೆಂದು ನಂಬಿ ಕೂತೆನಲ್ಲ, ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.