ಸೂರ್ಯಾಸ್ತಕ್ಕೆ ಮುನ್ನ ಮುಚ್ಚಿದ ಜೇನುಪೆಟ್ಟಿಗೆಗಳು

ತಾಕ್ ಬುನಿ ತನ್ನ ಜೇನುಹುಳುಗಳನ್ನು ಗಡಿಯೊಳಗೆ ಬಿಟ್ಟು ಓಡಿಬಂದಳೆಂದು ದಕ್ಷಿಣ ಕೊರಿಯಾದ ನಮ್ಮ ಚೊರ್ವನ್ ಜಿಲ್ಲೆಯ ವಾರಪತ್ರಿಕೆ ಬರೆದಿದೆ. ಇದು ಶುದ್ಧ ಸುಳ್ಳು. ಅಂದು ಪೆಟ್ಟಿಗೆಗಳನ್ನು ಹೊತ್ತ ಟ್ರಕ್ಕು ನನ್ನದು. ನಡೆದದ್ದನ್ನು ಕಣ್ಣಾರೆ ಕಂಡವನು ನಾನು.

ಗಂಡ ತೀರಿಕೊಂಡ ಮೇಲೆ ಬುನಿ ಜೇನು ಸಾಕಿಯೇ ಬದುಕಿದವಳು. ಬೇರೆಡೆ ಅಕೇಶಿಯಾ ಹೂ ಉದುರಿದ ಮೇಲೂ ಉತ್ತರ ಗಡಿಯ ಸೇನಾ ನಿರ್ಬಂಧಿತ ವಲಯದಲ್ಲಿ ಅದು ಅರಳಿರುತ್ತದೆ. ಆದರೆ ಅಲ್ಲಿಗೆ ಹೋದವರು ಸೂರ್ಯಾಸ್ತಕ್ಕೆ ಮುನ್ನ ಹೊರಬರಬೇಕು. ಮೇಯಲು ಹೋದ ಜೇನುಹುಳುಗಳು ಗೂಡಿಗೆ ಮರಳುವುದು ಕತ್ತಲಾಗುವಾಗ. ಹಿಂದಿನ ಸೇನಾ ಪಡೆಯವರು ಇದನ್ನು ತಿಳಿದು, ಪೆಟ್ಟಿಗೆ ಸಾಗಿಸುವ ದಿನ ಒಬ್ಬ ಸೈನಿಕನನ್ನು ಜೊತೆಗೆ ಕೊಟ್ಟು ಒಂದು ಗಂಟೆ ರಿಯಾಯಿತಿ ನೀಡುತ್ತಿದ್ದರು. ಈ ವರ್ಷ ಬಂದ ಹೊಸ ಪಡೆ ಅದನ್ನು ರದ್ದುಮಾಡಿತು. ನಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ.

ನಾವು ಪೆಟ್ಟಿಗೆ ತರಲು ಹೋದ ದಿನದ ಮರುದಿನ ಬೆಳಗ್ಗೆ ಆ ವಲಯದ ಗದ್ದೆಗಳಿಗೆ ಡ್ರೋನಿನಿಂದ ಕೀಟನಾಶಕ ಸಿಂಪಡಿಸುವುದಿತ್ತು. ಪೆಟ್ಟಿಗೆಗಳು ಅಲ್ಲೇ ಉಳಿದರೆ ಎಲ್ಲ ಹುಳುಗಳೂ ಸಾಯುತ್ತವೆ. ಬೆಳಕಿರುವಾಗಲೇ ಮುಚ್ಚಿ ತಂದರೆ ಮೇಯಲು ಹೋದವು ಹೊರಗುಳಿಯುತ್ತವೆ. ಬುನಿ ಕಾವಲು ಠಾಣೆಯ ಯುವ ಲೆಫ್ಟಿನೆಂಟನ ಮುಂದೆ ನಿಂತಳು.

"ಒಂದೇ ಒಂದ್ ಗಂಟೆ ಕೊಡಪ್ಪಾ ಮಗಾ. ಬೇಕಾದ್ರೆ ಬಂದೂಕು ಹಿಡ್ಕೊಂಡು ಪಕ್ಕದಲ್ಲೇ ನಿಂತ್ಕೋ. ಈ ನೋಯೋ ಮಂಡಿ ಇಟ್ಕೊಂಡು ನಾನೇನು ಉತ್ತರ ಕೊರಿಯಾಕ್ಕೆ ಓಡ್ತೀನಾ?"

"ಮೇಲಿನವ್ರ ಆರ್ಡರ್ ಅಜ್ಜೀ. ನನ್ ಕೈಲಿಲ್ಲ."

"ಮೊನ್ನೆ ಮಂತ್ರಿ ಬಂದಾಗ ಕತ್ತಲಾದ್ರೂ ಫೋಟೋ ತೆಗೀತಾನೇ ಇದ್ರಲ್ಲ, ಆಗ ಎಲ್ಲಿ ಮಲಗಿತ್ತು ನಿಮ್ಮ ಆರ್ಡರ್ರು?"

"ಅದಕ್ಕೆ ಬೇರೆ ಪರ್ಮಿಷನ್ ಇತ್ತು."

"ಹಂಗಾದ್ರೆ ನನ್ ಹುಳಕ್ಕೂ ಸೂಟು ಹೊಲಿಸ್ಲಾ?"

ಗೇಟಿನ ನಿಯಮ ಬದಲಾಗಲಿಲ್ಲ.

ಬಿಸಿಲಿರುವಾಗಲೇ ಬುನಿ ಒಂದೊಂದೇ ಪೆಟ್ಟಿಗೆಯ ಬಾಯಿ ಮುಚ್ಚಿದಳು. ನಾವು ಅವುಗಳನ್ನು ಟ್ರಕ್ಕಿಗೆ ಏರಿಸುತ್ತಿದ್ದಂತೆ, ಮಕರಂದ ಹೊತ್ತು ಮರಳಿದ ಹುಳುಗಳು ಪೆಟ್ಟಿಗೆಗಳಿದ್ದ ಬರಿಯ ಕಲ್ಲುಗಳ ಮೇಲೆ ಇಳಿದು ಗೂಡು ಹುಡುಕುತ್ತಿದ್ದವು. ಆಕೆ ತಿರುಗಿ ನೋಡಲಿಲ್ಲ.

ಮರುದಿನ ಸಿಂಪಡಣೆ ಮುಗಿದ ಮೇಲೆ ಒಳಗೆ ಹೋಗಿ, ಸತ್ತ ಹುಳುಗಳನ್ನು ಬಿದಿರಿನ ಬುಟ್ಟಿಗೆ ಗುಡಿಸಿ ತಂದು ಠಾಣೆಯ ಮೇಜಿನ ಮೇಲಿಟ್ಟಳು.

"ಇವು ನಿನ್ನೆ ಟೈಮಿಗೆ ಸರಿಯಾಗಿ ಹೊರಗೆ ಬರ್ಲಿಲ್ಲ ಮಗಾ. ಕೇಸ್ ಹಾಕು."



ದುಡಿಯುವ ಹುಳುಗಳನ್ನು ಕಳೆದುಕೊಂಡ ಗೂಡುಗಳು ಅಕೇಶಿಯಾ ಮುಗಿದೊಡನೆ ಬರುವ ಚೆಸ್ಟ್‌ನಟ್ ಮರದ ಹೂವಿನ ಕಾಲದಲ್ಲಿ ಮಾರುವಷ್ಟು ಜೇನು ಕೊಡಲಿಲ್ಲ. ಬುನಿಯ ಒಂದು ಗಂಟೆಯಿಂದ ದೇಶಕ್ಕೆ ಯಾವ ಅಪಾಯವಿತ್ತೆಂದು ಇಂದಿಗೂ ಯಾರೂ ಹೇಳಿಲ್ಲ. ಅಕ್ಟೋಬರಿನಲ್ಲಿ ಆಕೆ ಪೆಟ್ಟಿಗೆಗಳನ್ನೆಲ್ಲ ಮಾರಿದಳು. ಈಗ ಅದೇ ಪಡೆಯ ಅಡುಗೆಮನೆಗೆ ಬೆಳ್ಳುಳ್ಳಿ ಸುಲಿದುಕೊಡುವ ಕೂಲಿಗೆ ಹೋಗುತ್ತಾಳೆ.