ಪೊಟ್ಟಣದ ಒಳಮಗ್ಗುಲು

ನಮ್ಮ ಮನೆಯಲ್ಲಿ ಎರಡು ದಿನ ತಂಗಿ ಹೋಗುವ ಅತಿಥಿಗಳ ಕೈಗೆ, ಅವರು ಹೊರಡುವ ಹೊತ್ತಿನಲ್ಲಿ, ಒಂದು ಹಿಡಿ ಕಾಳುಮೆಣಸನ್ನು ಪೊಟ್ಟಣ ಕಟ್ಟಿ ಕೊಡುವುದು ನಾನು ಬಹು ಪ್ರೀತಿಯಿಂದ ರೂಢಿಸಿಕೊಂಡ ಪದ್ಧತಿ. ಹಿತ್ತಲಿನ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಯ ಮೆಣಸು ಅದು. ನಾನೇ ಬಿಡಿಸಿ, ನಾನೇ ಒಣಗಿಸಿದ್ದು. ಕಾಗದವನ್ನು ಸುರುಳಿ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿ, ದಾರದ ಹಂಗಿಲ್ಲದೆ ಬಾಯಿ ಮುಚ್ಚುವ ವಿದ್ಯೆಯನ್ನು ಬಾಲ್ಯದಲ್ಲಿ ಅರಕಲಗೂಡಿನ ದಿನಸಿ ಅಂಗಡಿಯಲ್ಲಿ ಅಜ್ಜನ ಪಕ್ಕ ಕೂತು ಕಲಿತಿದ್ದೆ. ನೀವು ಎಂದಾದರೂ ಹಾರಂಗಿಯ ಹಿನ್ನೀರಿನ ಕಡೆ ಬಂದು ನಮ್ಮಲ್ಲಿ ಉಳಿದರೆ ನಿಮಗೂ ಒಂದು ಸಿಗುತ್ತದೆ. ಅದನ್ನು ಬಿಚ್ಚುವಾಗ ಹೆದರಬೇಡಿ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಹಿಂದೊಮ್ಮೆ ಹಾಗೆ ಹೇಳುವಂತಿರಲಿಲ್ಲ.

ನಾನು ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಕೂಲಿಯವರ ಲೈನಿನ ಯಾವ ಮನೆಯಲ್ಲಿ ಯಾರಿದ್ದಾರೆ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನ ಸಮಯಕ್ಕೆ ಯಾರ ನೆಂಟರು ಎಲ್ಲಿಂದ ಬಂದರು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವುದೇ ನನ್ನ ಉದ್ಯೋಗ. ಆ ಕೆಲಸ ನನಗೆ ಎರಡು ಚಟಗಳನ್ನು ಅಂಟಿಸಿತು. ಯಾವುದನ್ನೇ ಬರೆದರೂ ಅದಕ್ಕೊಂದು ಡೂಪ್ಲಿಕೇಟ್ ಇಡುವುದು ಮೊದಲನೆಯದು. ಒಂದು ಮಗ್ಗುಲು ಬರೆದ ಹಾಳೆಯ ಇನ್ನೊಂದು ಮಗ್ಗುಲನ್ನು ವ್ಯರ್ಥ ಮಾಡದಿರುವುದು ಮತ್ತೊಂದು. ನಿವೃತ್ತನಾದ ಮೇಲೆ ಹೆಂಡತಿ ಸರೋಜ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದಾಗ ಅತಿಥಿಗಳ ರಿಜಿಸ್ಟರು ಸಹಜವಾಗಿಯೇ ನನ್ನ ಪಾಲಿಗೆ ಬಂತು, ಮತ್ತು ನಾನು ಅದನ್ನು ಹಬ್ಬದ ಹಾಗೆ ಬರಮಾಡಿಕೊಂಡೆ.

ಪೊಲೀಸಿನವರು ಕೇಳುವುದು ಹೆಸರು, ಊರು, ಗುರುತಿನ ಚೀಟಿ ಇಷ್ಟೇ. ನನಗೆ ಅಷ್ಟರಲ್ಲಿ ತೃಪ್ತಿ ಎಲ್ಲಿಂದ? ಉದ್ಯೋಗವೇನು, ಮನೆಯಲ್ಲಿ ಎಷ್ಟು ಜನ, ಬಂದ ಉದ್ದೇಶವೇನು ಎಂದು ಸ್ಕೇಲು ಹಿಡಿದು ಕಾಲಮ್ಮು ಎಳೆದೆ. ಅತಿಥಿಗಳು ಆಧಾರ್ ಕಾರ್ಡಿನ ಫೋಟೋವನ್ನು ಮುಂಚಿತವಾಗಿ ನನ್ನ ಮೊಬೈಲಿಗೆ ಕಳಿಸುವರು. ನಾನು ಅದನ್ನು ಎರಡೆರಡು ಪ್ರತಿ ಅಚ್ಚು ಹಾಕಿ, ಕೆಳಗೆ ಮಿಕ್ಕ ವಿವರಗಳನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬುವೆ. ಫೈಲು ಹೊಟ್ಟೆ ಬಿರಿಯುವಂತಾದಾಗ ಹಳೆಯ ಹಾಳೆಗಳನ್ನು ತೆಗೆದು ಮೆಣಸು ಕಟ್ಟಿದೆ. ಅಚ್ಚಾದ ಮಗ್ಗುಲು ಒಳಗೆ, ಬಿಳಿಯ ಮಗ್ಗುಲು ಹೊರಗೆ, ನೋಡಲು ಲಕ್ಷಣವಾಗಿರುತ್ತಿತ್ತು. ಇದರಲ್ಲಿ ತಪ್ಪೊಂದು ಅಡಗಿರಬಹುದೆಂದು ದೇವರಾಣೆಗೂ ನನಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ವಸುಧಾ ಎಂಬುವವರು ಫೋನು ಮಾಡಿದರು. ಮೈಸೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಕೆಲವು ತಿಂಗಳ ಹಿಂದೆ ತಾಯಿಯೊಡನೆ ಬಂದು ಉಳಿದು ಹೋಗಿದ್ದರು.

"ಸರ್, ಕೆ.ಆರ್. ಪೇಟೆಯಿಂದ ಒಬ್ಬರು ಮೇಷ್ಟ್ರು ಫೋನ್ ಮಾಡಿದ್ರು. ನಿಮ್ಮಲ್ಲಿ ಉಳ್ಕೊಂಡಿದ್ರಂತೆ. ನೀವು ಕೊಟ್ಟ ಮೆಣಸಿನ ಪೊಟ್ಟಣ ಬಿಚ್ಚಿದ್ರೆ ಒಳಗೆ ನನ್ನ ಕಾರ್ಡಂತೆ, ಫೋನ್ ನಂಬರಂತೆ, ಹೊಸ ಮನೆ ಅಡ್ರೆಸ್ಸಂತೆ. ಕೆಳಗಡೆ 'ಮನೆಯಲ್ಲಿ ತಾಯಿ, ಮಗಳು ಇಬ್ಬರೇ' ಅಂತ ಬೇರೆ ಬರೆದಿದೆಯಂತೆ. ಪಾಪ, ಒಳ್ಳೆಯವರು, ಸುಟ್ಟು ಹಾಕ್ತೀನಿ ಅಂದ್ರು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಒಬ್ಬ ಮನುಷ್ಯನ ಕಾಟ ತಪ್ಪಿಸ್ಕೊಳ್ಳೋಕೆ ನಾವು ಎರಡು ಸಲ ಮನೆ ಬದಲಾಯಿಸಿದ್ದೀವಿ ಸರ್. ಇನ್ನೊಂದು ಪ್ರತಿ ಎಲ್ಲಾದ್ರೂ ಇದೆಯಾ?"

ಇತ್ತು. ಡೂಪ್ಲಿಕೇಟು! ಎಲ್ಲಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಸಂಜೆ ಆಕೆಯಿಂದ ಒಂದು ಸಂದೇಶವೂ ಬಂತು. ನನ್ನ ಬಗ್ಗೆ ನಿಮ್ಮಲ್ಲಿ ಏನೇನಿದೆ, ಯಾವ ಉದ್ದೇಶಕ್ಕೆ ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ದಯವಿಟ್ಟು ಅಳಿಸಿರಿ ಎಂಬ ಬಿಗಿಯಾದ, ಆದರೆ ಮರ್ಯಾದೆಯ ನಾಲ್ಕು ಸಾಲು; ಜೊತೆಗೆ ಜನರ ಖಾಸಗಿ ವಿವರಗಳನ್ನು ಕಾಯುವ ಹೊಸ ಡೇಟಾ ಕಾನೂನಿನ ಸಾರಾಂಶ, ಕನ್ನಡದಲ್ಲಿ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಕೋಪ. ಜೀವಮಾನವೆಲ್ಲ ಪುಸ್ತಕ ಬರೆದವನಿಗೆ ಪುಸ್ತಕದ ಪಾಠವೇ ಎಂದು ಹಾರಾಡಿದೆ. ಸರೋಜ ತಟ್ಟೆಯಲ್ಲಿ ಅವರೆಕಾಳು ಬಿಡಿಸುತ್ತ ತಲೆ ಎತ್ತದೆ ಹೇಳಿದಳು: "ಏನ್ರೀ, ಕೋಪ ಬರ್ಬೇಕಾಗಿದ್ದು ಆ ಹೆಣ್ಣುಮಗೀಗೆ. ನಿಮಗ್ಯಾಕ್ ಬಂತು?" ನಾನು ಕನ್ನಡಕ ಹಾಕಿಕೊಂಡು ತೆಪ್ಪಗೆ ಓದಲು ಕೂತೆ.

ಮಿತ್ರರೇ, ಕಾನೂನನ್ನು ಓದಿ ಯಾರಾದರೂ ಮನಸೋತದ್ದನ್ನು ಕೇಳಿದ್ದೀರಾ? ನಾನು ಸೋತೆ. ಅದು ಹೇಳುವುದಿಷ್ಟೇ: ಒಬ್ಬರ ವಿವರ ಕೇಳುವ ಮೊದಲು ಯಾಕೆ ಕೇಳುತ್ತಿದ್ದೀಯೆಂದು ಹೇಳು, ಅದನ್ನೂ ಅರ್ಥವಾಗುವ ಮಾತಿನಲ್ಲಿ, ಬೇಕೆಂದವರಿಗೆ ಅವರ ಭಾಷೆಯಲ್ಲೇ ಹೇಳು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಲಿ. ಕೆಲಸ ತೀರಿದ ಮೇಲೆ ಅಳಿಸು. ಸೋರಿಹೋದರೆ ಬಚ್ಚಿಡದೆ ಅವರಿಗೇ ತಿಳಿಸು. ಇದನ್ನು ಬರೆದವರ ಕಣ್ಣೆದುರು ಇದ್ದದ್ದು ನಮ್ಮ ಮುಖ, ಬೆರಳು, ಓಡಾಟಗಳನ್ನೆಲ್ಲ ನುಂಗಿ ಕೂಡಿಡುವ ದೊಡ್ಡ ದೊಡ್ಡ ಯಂತ್ರಗಳು; ಆದರೂ ಅದು ನನ್ನ ಮೆಣಸಿನ ಪೊಟ್ಟಣಕ್ಕೆ ದರ್ಜಿ ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಕಾಗದದಲ್ಲೇ ಹುಟ್ಟಿ ಕಾಗದದಲ್ಲೇ ಉಳಿದದ್ದಕ್ಕೆ ಈ ಕಾನೂನು ಅನ್ವಯವಾಗುವುದಿಲ್ಲ ಎಂಬ ಸಾಲು ಕಂಡಾಗ ಬಚಾವಾದೆನೆಂದು ಉಸಿರು ಬಿಟ್ಟದ್ದೂ ಉಂಟು. ಮರುಕ್ಷಣ ಮೇಜಿನ ಮೇಲಿದ್ದ ಮೊಬೈಲು ಕಣ್ಣಿಗೆ ಬಿತ್ತು. ಫೋಟೋಗಳೆಲ್ಲ ಬಂದದ್ದು ಅದಕ್ಕೇ ಅಲ್ಲವೇ?

ಹಿಂದೆ ಕೇರಳ ಗಡಿಯ ಮಾಕುಟ್ಟದ ಗೇಟಿನಲ್ಲಿ ಲಾರಿ ನಂಬರು ಬರೆದುಕೊಳ್ಳುತ್ತಿದ್ದ ಒಬ್ಬ ಗೆಳೆಯನಿದ್ದ. ಸಂಜೆ ಪುಸ್ತಕ ಮುಚ್ಚಿದರೆ ಬೆಳಿಗ್ಗೆಯ ಲಾರಿ ಅವನ ತಲೆಯಿಂದ ಹೊರಟುಹೋಗುತ್ತಿತ್ತು. ಮನುಷ್ಯನ ಮರೆವೇ ಆಗ ನಮಗೆಲ್ಲ ಒಂದು ಬೇಲಿಯಾಗಿತ್ತು. ಯಾರೂ ಹಾಕದೆ ತಾನಾಗಿ ಬೆಳೆದ ಬೇಲಿ. ಕ್ಯಾಮೆರಾಗಳಿಗೆ, ಕಂಪ್ಯೂಟರುಗಳಿಗೆ ಮರೆವೆಂಬುದಿಲ್ಲ. ಗೋಡೆ, ಬಾಗಿಲು, ಮುಚ್ಚಿದ ಲಕೋಟೆಗಳನ್ನಷ್ಟೇ ಕಾಯುತ್ತಿದ್ದ ಕಾನೂನು ಈಗ ಆ ಮರೆವಿಲ್ಲದ ಯಂತ್ರಗಳಿಗೆ ಮರೆಯುವುದನ್ನು ಕಲಿಸಲು ಹೊರಟಿದೆ. ಅದರ ಹಲವು ಕಲಮುಗಳು ಪೂರ್ತಿ ಜಾರಿಯಾಗಲು ಇನ್ನೂ ಕಾಲಾವಕಾಶವಿದೆ, ಸರಕಾರಕ್ಕೆ ಕೊಟ್ಟ ವಿನಾಯಿತಿಗಳು ಹೆಚ್ಚಾದವು ಎಂದು ತಿಳಿದವರು ಗೊಣಗುತ್ತಾರೆ. ಗೊಣಗಬೇಕು, ಹಾಗೆ ಗೊಣಗಿದ್ದರಿಂದಲೇ ಇಷ್ಟಾದರೂ ಬಂತು. ಎಲ್ಲವನ್ನೂ ನೆನಪಿಡುವುದೇ ಪುರುಷಾರ್ಥವೆಂದು ಬಾಳಿದ ನನ್ನಂಥವನಿಗೆ, ಮರೆಯುವುದೂ ಒಂದು ಮರ್ಯಾದೆಯೆಂದು ಹೇಳಿಕೊಟ್ಟ ಆ ಕಾನೂನಿನ ಮೇಲೆ ಗೌರವ ಹುಟ್ಟಿತು.

ಗೌರವದಿಂದ ಡೂಪ್ಲಿಕೇಟು ಸಿಗುವುದಿಲ್ಲವಲ್ಲ. ವಸುಧಾ ಹೋದ ಮೇಲೆ ಬಂದ ಅತಿಥಿಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ನಾನು ಮಾಡಿದ ಅಚಾತುರ್ಯವನ್ನು ಮೊದಲು ಹೇಳಿ, ಆಮೇಲೆ ಪೊಟ್ಟಣದ ಕಾಗದ ಏನಾಯಿತೆಂದು ಕೇಳುವುದು. ಹಾಸನದ ಒಬ್ಬರು ನಕ್ಕುಬಿಟ್ಟರು: "ಅಯ್ಯೋ ಬಿಡಿ ರೈಟರೇ, ನಮ್ ಕಾರ್ಡ್ ಜೆರಾಕ್ಸು ಊರ್ ತುಂಬಾ ಐತೆ, ನಿಮ್ದೊಂದು ಯಾವ ಲೆಕ್ಕ?" ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಉಳಿದವರು ಹುಡುಕಿ ನೋಡಿ, ಬೇರೆ ಯಾರದೋ ಹಾಳೆಯೆಂದರು, ಒಲೆಗೆ ಹಾಕಿದೆವೆಂದರು. ಪಟ್ಟಿ ಮುಗಿಯಿತು. ವಸುಧಾ ಅವರ ಹಾಳೆ ಯಾರ ಬಳಿಯೂ ಇರಲಿಲ್ಲ. ಎರಡು ಹೆಣ್ಣುಜೀವಗಳ ನೆಮ್ಮದಿಯನ್ನು ನಾನು ಎಲ್ಲಿ ಬೀಳಿಸಿದೆನೋ ಎಂದು ನನಗೆ ಮೂರು ದಿನ ಅನ್ನ ರುಚಿಸಲಿಲ್ಲ.

ನಾಲ್ಕನೆಯ ದಿನ ಸರೋಜ ಅಡುಗೆಮನೆಯಿಂದ ಕೂಗಿದಳು. ಉಪ್ಪಿನಕಾಯಿ ಭರಣಿಗಳ ಅಡಿಗೆ ಹಾಸಿದ್ದ ಕಾಗದವನ್ನು ಬದಲಿಸಲು ಎತ್ತಿದ್ದಾಳೆ, ಎಣ್ಣೆಯ ವೃತ್ತಗಳ ನಡುವೆ ವಸುಧಾ ಅವರ ಮುಖ! ಫೈಲಿನಿಂದ ಅವಳೂ ಒಂದು ಹಾಳೆ ಎಳೆದುಕೊಂಡಿದ್ದಳಂತೆ. "ನಿಮ್ ಸಹವಾಸ ಮಾಡಿ ನಂಗೂ ಅದೇ ಬುದ್ಧಿ ಬಂತು ನೋಡಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿತ್ತು. ವಸುಧಾ ಅವರಿಗೆ ವಿಡಿಯೋ ಕರೆ ಮಾಡಿ, ಅವರು ನೋಡುತ್ತಿರುವಂತೆಯೇ ಅದನ್ನು ಬಚ್ಚಲೊಲೆಗೆ ಹಾಕಿದೆವು. ಮೊಬೈಲಿನಲ್ಲಿದ್ದ ಫೋಟೋವನ್ನೂ ಅಳಿಸಿದೆವು. ಆ ಕಡೆ ಅವರ ತಾಯಿ ಒಂದೇ ಮಾತು ಹೇಳಿದರು: "ಇವತ್ತು ಮಲಗ್ತೀವಪ್ಪ."

ಫೈಲಿನ ಮಿಕ್ಕ ಹಾಳೆಗಳೂ ಅದೇ ಒಲೆ ಸೇರಿದವು. ರಿಜಿಸ್ಟರಿನಲ್ಲಿ ಈಗ ಕಾನೂನು ಕೇಳುವಷ್ಟೇ ಕಾಲಮ್ಮು. ಆಧಾರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯೂ ಇದೆಯೆಂದು ಬಂದವರಿಗೆ ನಾನೇ ತಿಳಿಸಿ, ಅದನ್ನೇ ಕೇಳುತ್ತೇನೆ. ಏನು ಬರೆದುಕೊಳ್ಳುತ್ತೇವೆ, ಯಾಕೆ, ಎಲ್ಲಿಯತನಕ ಎಂದು ಕನ್ನಡದಲ್ಲಿ ನಾನೇ ಬರೆದ ಒಂದು ಫಲಕ ಬಾಗಿಲ ಪಕ್ಕ ತೂಗುತ್ತದೆ.

ಕಳೆದ ಸುಗ್ಗಿಯಲ್ಲಿ ವಸುಧಾ ತಾಯಿಯೊಡನೆ ಮತ್ತೆ ಬಂದರು. ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಫಲಕವನ್ನು ನಿಂತು ಕೊನೆಯತನಕ ಓದಿದರು. ಹೊರಡುವ ದಿನ ಹೊಸ ಹಾಳೆ ಹರಿದು ಮೆಣಸು ಕಟ್ಟುವಾಗ, ಒಂದಕ್ಷರವೂ ಬರೆಯದ ಕಾಗದವನ್ನು ಹೀಗೆ ಮಡಚುವುದಕ್ಕೆ ನನ್ನ ಕೈ ಇನ್ನೂ ಹಿಂಜರಿಯುತ್ತಿತ್ತು. ಆಕೆ ಪೊಟ್ಟಣ ತೆಗೆದುಕೊಂಡು ಅಲ್ಲೇ ಜಗುಲಿಯ ಮೇಲೆ ಬಿಚ್ಚಿದರು, ಮೆಣಸನ್ನು ತಾಯಿಯ ಬೊಗಸೆಗೆ ಸುರಿದರು, ಕಾಗದವನ್ನು ಬಿಸಿಲಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದರು.

"ಎರಡೂ ಕಡೆ ಖಾಲಿ ಇದೆ ಸರ್," ಎಂದು ನಕ್ಕು ಕಾಗದವನ್ನು ನನ್ನ ಕೈಗಿತ್ತರು. "ಕಟ್ಟಿಕೊಡಿ."